ಇವತ್ತಿಗೆ ಒಂದು ಸುತ್ತು

ಬಟ್ಟೆಯ ಹೊಟ್ಟೆಯಲ್ಲಿ ನೀರು ತೂಗುತ್ತಿದೆ, ಕೊಡದ ಬಾಯಿಗೆ ಬಿಗಿದ ಹಳೆಯ ಧೋತರದ ತುಂಡು, ಎರಡು ಮಡಿಕೆ, ಮೂರಾದರೂ ಮಾಡಬೇಕಿತ್ತು — ಅಗೋ ಮಿಸುಕಿತು, ಧೂಳಲ್ಲ ಅದು, ಧೂಳು ಬಿದ್ದಲ್ಲಿ ಬಿದ್ದಿರುತ್ತದೆ, ಇದು ಸಾಸಿವೆಯ ಕಾಲುಭಾಗವೂ ಇಲ್ಲ, ಆದರೂ ಒದ್ದಾಡುತ್ತದೆ, ಯಾರ ಹೊಟ್ಟೆಗೆ ಹೋಗಬೇಕೆಂದು ಬಂದೆಯೋ ದರಿದ್ರದ್ದೇ — ಭಾಗಮ್ಮನ ಬಾಯಲ್ಲಿ ಉಗುಳು ತುಂಬಿತು, ನುಂಗಲಾಗಲಿಲ್ಲ, ಪಕ್ಕಕ್ಕೆ ತಿರುಗಿ ಉಗುಳಿದಳು, ಉಗುಳಿದ್ದನ್ನು ನೋಡಿ ಅದಕ್ಕೂ ಹೇಸಿದಳು. ಮಡಚದ ಎಡಗಾಲನ್ನು ಒನಕೆಯ ಹಾಗೆ ಮುಂದಕ್ಕೆ ಚಾಚಿ ಕೂತಿದ್ದಾಳೆ, ಶಹಾಪುರದಲ್ಲಿ, ಅಣ್ಣನ ಮನೆಯ ಹಿತ್ತಲ ಕಲ್ಲಿನ ಮೇಲೆ, ದಸರೆಯಿಂದ ದಿನಾ ಬೆಳಿಗ್ಗೆ ಇದೇ ಕಲ್ಲು, ಇದೇ ಕೊಡ, ಇದೇ ಬಟ್ಟೆ, ಮತ್ತು ಅಡುಗೆಮನೆಯೊಳಗಿನಿಂದ ಅಣ್ಣನ ಹೆಂಡತಿ, ಸುಗಲಮ್ಮ ವೈನಿಯ ಇದೇ ಮಾತು — ಆತೇನು ಭಾಗಮ್ಮ ನಿನ್ನ ನೀರಿನ ಪೂಜಿ, ನಿಮ್ಮಪ್ಪ ನಿಮ್ಮವ್ವ ಇದ ನೀರು ಕುಡದು ಬಾಳೇ ಮಾಡಿಲ್ಲೇನು, ನೀನೊಬ್ಬಾಕಿ ಬಂದಿ ನೀರಿಗಿ ಜರಡಿ ಹಿಡಿಯಾಕ. ಮಾಡಿದರು ಬಾಳೇವು, ಹೌದು, ಅಪ್ಪನ ಕಾಲಲ್ಲಿ ಎರಡು ಕಲೆ, ಅವ್ವನ ಮೊಣಕೈಯಲ್ಲಿ ಒಂದು, ಒಣಗಿದ ಬೋರೆಹಣ್ಣಿನಂಥವು, ಮಕ್ಕಳಾಗಿ ಅವನ್ನು ಒತ್ತಿ ಆಡಿದ್ದೇವೆ, ಏನೆಂದು ಕೇಳಲಿಲ್ಲ, ಎಲ್ಲರಿಗೂ ಇರುವಂಥದು ಅಂದುಕೊಂಡೆವು, ಹೊಕ್ಕುಳ ಇದ್ದ ಹಾಗೆ. ಕೇಳಿದ್ದು ಯಾದಗಿರಿಯ ದವಾಖಾನೆಯಲ್ಲಿ, ಕೇಳದೇ ಹೋಗಿದ್ದರೆ ಚೆನ್ನಾಗಿತ್ತು, ಕಂಪೌಂಡರ್ ಶರೀಫಸಾಬ ಅವಳ ಕಾಲಿನ ಕೀವು ಒರೆಸುತ್ತ, ಮೂಗಿಗೆ ಬಟ್ಟೆ ಕಟ್ಟದೆ ಒರೆಸುತ್ತ ಹೇಳಿದ್ದ — ನಾರುಹುಳ ಅನ್ನೂದು ದೇವರ ಸಿಟ್ಟಲ್ಲವ್ವ, ಕಾಲಾಗ ನಾರು ಎದ್ದವರು ಉರಿ ತಾಳಲಾರದ ಬಾವ್ಯಾಗ ಕಾಲಿಡ್ತಾರ, ಹುಳ ನೀರಾಗ ಮರಿ ಬಿಡ್ತದ, ಆ ನೀರು ನೀವು ಕುಡೀತೀರಿ, ವರ್ಷ ತುಂಬೂದರಾಗ ನಿಮ್ಮ ಕಾಲಾಗ ಗಜದುದ್ದ ಬೆಳೆದು ಹೊರಗ ಬರ್ತದ, ಬಟ್ಟಿಲೇ ಸೋಸಿ ಕುಡೀರಿ, ಖರ್ಚಿಲ್ಲ ಏನಿಲ್ಲ. ಅಂದರೆ ಒಬ್ಬರ ಕಾಲನ್ನು ಇನ್ನೊಬ್ಬರು ಕುಡಿಯುವುದು, ಊರಿಗೆ ಊರೇ, ಜಂಗಮರು, ಗೌಡರು, ಮದುವೆಯ ಪಾನಕ, ಸತ್ತವರ ಬಾಯಿಗೆ ಬಿಟ್ಟ ನೀರು, ಎಲ್ಲ ಯಾರದೋ ಕಾಲು ತೊಳೆದದ್ದು — ವ್ಯಾಕ್ — ಅವತ್ತು ದವಾಖಾನೆಯ ಹಾಸಿಗೆಯಲ್ಲೇ ಕಾರಿಕೊಂಡಿದ್ದಳು, ಶರೀಫಸಾಬ ಅದನ್ನೂ ಒರೆಸಿದ.

ಬಟ್ಟೆಯನ್ನು ಕಳಚಿ ಬಿಸಿಲಿಗೆ ಕೊಡವಬೇಕು, ಒಣಗಿದರೆ ಸಾಯುತ್ತವೆ, ಸಾಯಲಿ — ಅಂಗಳದಲ್ಲಿ ಬಳೆಯ ಸದ್ದು, ಬಳೆಗಾರ್ತಿ ಹೆಗಲಿನ ಬಳೆಮಲಾರ ಇಳಿಸುತ್ತಿದ್ದಾಳೆ, ತಿಂಗಳಿಗೊಮ್ಮೆ ಸುರಪುರದಿಂದ, ಭಾಗಮ್ಮನನ್ನು ಕೊಟ್ಟ ಊರಿನಿಂದ ಬರುವವಳು, ಆ ಊರಿನ ಗಾಳಿಯನ್ನು ಸೆರಗಿನಲ್ಲಿ ತರುವವಳು, ಭಾಗಮ್ಮ ಕೋಲೂರಿ ಎದ್ದಳು, ಎದ್ದಾಗ ಮೊಣಕಾಲಿನೊಳಗೆ ಎಂದಿನ ಹಾಗೆ ಕಲ್ಲಿಗೆ ಕಲ್ಲು ಉಜ್ಜಿದ ನೋವು, ಮುಲಾಮಿನ ವಾಸನೆ, ಬೇವು ಅರಿಸಿನ ಮತ್ತು ಅದರಡಿಯ ಇನ್ನೊಂದು ವಾಸನೆ, ಅದು ಹೋಗುವುದಿಲ್ಲ, ಹೋಯಿತೆಂದು ವೈನಿ ಹೇಳುತ್ತಾಳೆ, ಹೇಳುವಾಗ ಒಂದು ಹೆಜ್ಜೆ ಹಿಂದೆ ನಿಂತು ಹೇಳುತ್ತಾಳೆ. ಯವ್ವಾ ಭಾಗಮ್ಮ, ಎನ್ನುತ್ತಾಳೆ ಬಳೆಗಾರ್ತಿ ವೈನಿಯ ಕೈ ಹಿಂಡಿ ಬಳೆ ಏರಿಸುತ್ತ, ಸೋಮವಾರ ನಿನ್ನ ಮಗಳಿಗಿ ಬಳಿ ಇಡಾಕ ಹೋಗಿದ್ದೆ, ಮನ್ಯಾಗ ಇಲ್ಲ, ನೋಡಿದರ ಬಾವ್ಯಾಗ ಕುಂತದ, ಕಡೀ ಪಾವಟಿಗಿ ಮ್ಯಾಲೆ, ನೀರಾಗ ಕಾಲು ಇಳಿಬಿಟ್ಟು. ಏ ಮೋನಿ ಬಾರ ಬೇ, ಹಸರ ಬಳಿ ತಂದೀನಿ ಅಂದರ, ಕಾಲು ಉರೀತದ ಆಯಿ, ನೀರಾಗಿದ್ದರ ತಂಪಾಗ್ತದ ಅಂತು. ಹಿಮ್ಮಡದ ಮ್ಯಾಲೆ ಗುಳ್ಳಿ ಎದ್ದದ, ಕಡಲಿಕಾಳಿನಷ್ಟು. ಬಿಸಲಿಗಿ ಎದ್ದಿರಬೇಕು ಬಿಡು, ಎಂದಳು ವೈನಿ, ಮೆಲ್ಲಕ ಏರಸ ನಿಮ್ಮವ್ನ, ಕೈ ಅದ, ಕಟಗಿ ಅಲ್ಲ. ಭಾಗಮ್ಮನ ಕಿವಿಯಲ್ಲಿ ಗುಳ್ಳೆಯೊಂದೇ ಉಳಿಯಿತು, ಉರಿ, ಗುಳ್ಳೆ, ನೀರು — ಮೋನಿ, ಮೋನಮ್ಮ, ಆರು ವರ್ಷದ ಹಿಮ್ಮಡ, ಅಂಗೈಯಲ್ಲಿ ಹಿಡಿದರೆ ಹಿಡಿಯಲ್ಲೇ ಮುಗಿಯುತ್ತಿತ್ತು. ಅತ್ತಿ ನೋಡ್ಯಾಳೇನು, ತನ್ನ ದನಿ ತನಗೇ ದೂರದಿಂದ ಕೇಳಿತು. ನೋಡದೇ ಏನವ್ವ, ನಿಮ್ಮತ್ತಿ ಹಂಪಮ್ಮನ ಕಣ್ಣಿಗಿ ನಾರು ತಪ್ಪಿಸಿಕೊಂಡೀತೇನು, ನೋಡಿ ಅಳಾಕತ್ತಾಳ, ಆದರ ಕೈ ಹಚ್ಚೂದಿಲ್ಲಂತ, ಲಿಂಗ ಮುಟ್ಟಿ ಆಣಿ ಮಾಡೀನಿ, ಇನ್ನ ಯಾರ ನಾರಿಗೂ ನನ್ನ ಕೈ ಇಲ್ಲ ಅಂತಾಳ. ನಿನ್ನ ಗಂಡ ಮರಿಲಿಂಗಪ್ಪ ಬ್ಯಾರೆ, ಬಾಯಿ ಒಡೀಲಿ ತಡಿ, ಇಕ್ಕಳ ಹಾಕಿ ಒಂದ ಸಲಕ್ಕ ಎಳದು ಒಗೀತೀನಿ ಅಂತ ಕುಂತಾನ. ವೈನಿ ನಕ್ಕಳೋ, ಬಳೆ ನಕ್ಕಿತೋ. ಇಕ್ಕಳ. ಗಾಡಿಯ ಅಚ್ಚಿನ ಮೊಳೆ ಕೀಳುವ ಇಕ್ಕಳ, ಎಣ್ಣೆಯ ಜಿಡ್ಡು, ತುಕ್ಕು. ಗುಳ್ಳೆ ಒಡೆಯಲು ಮೂರು ದಿನ, ಹೆಚ್ಚೆಂದರೆ ನಾಲ್ಕು, ಸೋಮವಾರದಿಂದ ಎರಡು ಆಗಲೇ ಹೋಗಿವೆ, ಇವತ್ತು ಬುಧವಾರ — ಗುಳ್ಳೆಯ ಬಾಯಲ್ಲಿ ಬಿಳಿ ನೂಲಿನ ತುದಿ ಇಣುಕುತ್ತದೆ, ಒಂದು ಜೋಳದ ಕಾಳಿನಷ್ಟು, ಹಾಲಿನ ಬಣ್ಣ, ಒದ್ದೆ.

ಹೋದ ವರ್ಷ ಯುಗಾದಿಗೆ ಮುಂಚೆ ತನ್ನ ಮೀನಖಂಡದಲ್ಲಿ ಹೀಗೇ ಇಣುಕಿತ್ತು, ಚರ್ಮದಡಿ ಮೊದಲೇ ಕಾಣುತ್ತಿತ್ತು, ಸುರುಳಿ, ಬಳ್ಳಿಯಂತೆ, ಬೆರಳಿಟ್ಟರೆ ಜರುಗುತ್ತಿತ್ತು, ತನ್ನದೇ ಮೈಯಲ್ಲಿ ತನ್ನದಲ್ಲದ್ದು ಮನೆ ಮಾಡಿಕೊಂಡು, ತಾನು ಉಂಡದ್ದನ್ನು ಉಂಡು, ತಾನು ಮಲಗಿದಾಗ ಮಲಗದೆ. ಹಂಪಮ್ಮ ಹಿತ್ತಲ ಬೇವಿನ ಕಡ್ಡಿ ಮುರಿದು ತಂದಳು, ಬೆರಳುದ್ದ, ತೊಗಟೆ ಸುಲಿದು ನುಣುಪು ಮಾಡಿದ್ದು, ಓಣಿಯಲ್ಲಿ ಯಾರಿಗೆ ನಾರು ಎದ್ದರೂ ಹಂಪಮ್ಮನನ್ನೇ ಕರೆಯುವುದು, ಹತ್ತೊಂಬತ್ತು ಮಂದಿಯದು ತೆಗೆದಿದ್ದಾಳೆ, ಒಂದೂ ಹರಿದಿಲ್ಲ, ಕೇಳಿದರೆ ಎಲೆಅಡಿಕೆ ತಿಂದು ಹಲ್ಲು ಕೆಂಪಗೆ ನಗುತ್ತಾಳೆ — ಜಗ್ಗಬಾರದವ್ವ, ಅದಕ್ಕ ನಾವು ಹೊರಗ ತಗೀತೇವಿ ಅನ್ನೂದು ಗೊತ್ತಾಗಬಾರದು, ತಾನಾಗಿ ಬರಾಕತ್ತೀನಿ ಅಂತ ತಿಳೀಬೇಕು ಅದು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆ, ನೂಲಿನ ತುದಿಯನ್ನು ಕಡ್ಡಿಗೆ ಹಚ್ಚಿ, ಹೆಬ್ಬೆರಳು ತೋರುಬೆರಳಿನ ನಡುವೆ ಕಡ್ಡಿ ತಿರುವಿ, ಎಷ್ಟು ಮೆಲ್ಲಗೆ ಅಂದರೆ ತಿರುವಿದ್ದೇ ಕಾಣದು, ಇವತ್ತಿಗಿ ಒಂದು ಸುತ್ತು, ಸಾಕು, ಎನ್ನುವಳು, ಕಡ್ಡಿಯನ್ನು ಕಾಲಿಗೇ ಚಿಂದಿಯಿಂದ ಕಟ್ಟುವಳು, ನಾಳೆ ಇನ್ನೊಂದು. ನಾಳೆ. ನಾಡಿದ್ದು. ಹನ್ನೊಂದು ದಿನ, ಹನ್ನೊಂದು ಸುತ್ತು, ಕಡ್ಡಿಗೆ ಸುತ್ತಿದ ಬಿಳಿ ನೂಲು ಒಣಗಿ ಕರುಳಿನ ಹಾಗೆ, ಅದರ ಒಂದು ತುದಿ ಸತ್ತಿದೆ, ಇನ್ನೊಂದು ತುದಿ ನನ್ನೊಳಗೆ ಬದುಕಿದೆ, ಉರಿ, ಕೆಂಡದ ಮೇಲೆ ಕಾಲಿಟ್ಟ ಉರಿ, ಆ ಉರಿಗೆ ಪಾವಟಿಗೆ ಬಾವಿಯ ಮೆಟ್ಟಿಲಿಳಿದು ಮೊಣಕಾಲುದ್ದ ನೀರಿನಲ್ಲಿ ಕೂತಳು, ಎಲ್ಲರೂ ಕೂರುತ್ತಾರೆ, ಹಾಯೆನಿಸಿತು, ಇಡೀ ವರ್ಷದಲ್ಲಿ ಅಂಥ ಹಾಯಿ ಇನ್ನೊಂದಿಲ್ಲ, ಕಣ್ಣು ಮುಚ್ಚಿಕೊಂಡಳು, ಮತ್ತು ಎರಡು ಮೆಟ್ಟಿಲ ಆಚೆ ಮೋನಿ ಬಗ್ಗಿ, ಎರಡೂ ಕೈ ಜೋಡಿಸಿ, ಗಟಗಟ ಕುಡಿದು, ಗದ್ದ ಒರೆಸಿಕೊಂಡು, ಅವ್ವಾ ನೀರು ಭಾಳ ಸಿಹಿ ಅದ ಅಂದಳು. ಸಿಹಿ ಅಂದಳು. ನನ್ನ ಕಾಲಿನ ನೀರು. ಯಾದಗಿರಿಯ ಹಾಸಿಗೆಯಲ್ಲಿ ಕಾರಿಕೊಂಡದ್ದು ಊರು ಕುಡಿದ ನೀರಿಗಲ್ಲ, ಇದಕ್ಕೆ, ಶರೀಫಸಾಬನಿಗೆ ಅದು ಗೊತ್ತಿಲ್ಲ.

ಹನ್ನೆರಡನೆಯ ದಿನ ಹಂಪಮ್ಮ ಬೆಳಗಿನ ಸುತ್ತು ಸುತ್ತಿ ಹೊಲಕ್ಕೆ ಹೋಗಿದ್ದಳು, ಗಂಡ ಗಾಡಿ ಹೊಡೆದುಕೊಂಡು ಹೋಗಿದ್ದ, ಮಧ್ಯಾಹ್ನ, ನೊಣ, ಕಡ್ಡಿಯ ಮೇಲೊಂದು ನೊಣ ಕೂತಿತು, ಅದನ್ನು ಓಡಿಸಲು ಬಗ್ಗಿದಳು, ಆಗ ಚರ್ಮದಡಿ ಅದು ಹೊರಳಿತು, ಬೆಳಿಗ್ಗೆ ಹೊರಬಂದಿದ್ದ ಅರ್ಧ ಬೆರಳಿನಷ್ಟು ಹಿಂದಕ್ಕೆ ಸೇದಿಕೊಂಡಿತು, ಒಳಗೆ, ಮನೆಗೆ ಹೋಗುವವರ ಹಾಗೆ — ತಾಳಲಿಲ್ಲ, ಹೇಸಿಕೆ ಕಾಲಿನಿಂದ ಎದೆಗೆ, ಎದೆಯಿಂದ ಗಂಟಲಿಗೆ ಬಂತು, ಕಡ್ಡಿ ಹಿಡಿದು ಜಗ್ಗಿದಳು, ಹೋಗು, ಹೋಗು ಹೊರಗೆ, ಬಂತು, ಒಂದು ಗೇಣು ಸರ್ರನೆ ಬಂತು, ಆಮೇಲೆ ಏನೂ ಇಲ್ಲದ ಹಾಗೆ ಕೈ ಹಗುರಾಯಿತು. ಅಷ್ಟೇ. ಸದ್ದೂ ಇಲ್ಲ. ಕಡ್ಡಿಯಲ್ಲಿ ಜೋತುಬಿದ್ದ ತುಂಡು, ಅದರ ತುದಿಯಿಂದ ಹಾಲಿನಂಥದು ತೊಟ್ಟಿಕ್ಕುತ್ತಿದೆ, ಬಾಗಿಲಲ್ಲಿ ರೊಟ್ಟಿಯ ಚೂರು ಹಿಡಿದು ಮೋನಿ ನಿಂತಿದ್ದಾಳೆ, ಅಗಿಯುವುದು ನಿಂತಿದೆ, ಅವ್ವಾ ಹರೀತು ಅಂದಳು. ಸುಮ್ಮನಿರು, ಯಾರ ಮುಂದೂ ಹೇಳಬ್ಯಾಡ, ಹೇಳಿದರ ನಿಮ್ಮಪ್ಪ ನನ್ನ ಕೊಲ್ತಾನ. ಹೇಳಲಿಲ್ಲ ಹುಡುಗಿ, ಇವತ್ತಿಗೂ ಹೇಳಿಲ್ಲ, ಆರು ವರ್ಷದ್ದು ಅದನ್ನು ಎಲ್ಲಿ ಇಟ್ಟುಕೊಂಡಿದೆಯೋ. ಸಂಜೆಗೆ ಕಾಲು ಬೂದುಗುಂಬಳ, ಓಣಿಯ ಮಂದಿ ಬಾಗಿಲ ತುಂಬ, ಗಂಡ ಕೇಳಿದ ಯಾರು ಎಳದವರು, ಮತ್ತು ಅವಳ ಬಾಯಿ, ಇದೇ ಬಾಯಿ, ಯೋಚನೆ ಮಾಡಲೇ ಇಲ್ಲ, ಅತ್ತಿ ಮುಂಜಾನಿ ಜೋರು ಎಳದ್ಲು ಅಂದಿತು. ಹಂಪಮ್ಮ ಹೊಲದ ಮಣ್ಣಿನ ಕಾಲಲ್ಲೇ ನಿಂತಿದ್ದಳು, ನಾನೇನು ಭಾಗಮ್ಮ, ನಾ ಎಳದೆನೇನು, ಎಂದು ಒಂದೇ ಸಲ ಕೇಳಿದಳು, ಜಗಳ ಮಾಡುವ ಹಾಗಲ್ಲ, ನಿಜವಾಗಿಯೂ ತನಗೇ ನೆನಪಿಲ್ಲವೇನೋ ಅನ್ನುವ ಹಾಗೆ ತನ್ನ ಬೆರಳು ನೋಡಿಕೊಳ್ಳುತ್ತ ಕೇಳಿದಳು, ಹತ್ತೊಂಬತ್ತು ಮಂದಿಯ ಬೆರಳು — ಅದು, ಆ ಬೆರಳು ನೋಡಿಕೊಂಡದ್ದು, ಕೀವಿಗಿಂತ ಕೆಟ್ಟ ನಾತ ಅದರದು. ಮರುದಿನ ಅಣ್ಣ ಬಸವಂತ್ರಾಯ ಗಾಡಿ ಕಟ್ಟಿಕೊಂಡು ಬಂದ, ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ, ಮುದುಕಿ ನನ್ನ ತಂಗೀನ ಕುಂಟಿ ಮಾಡ್ಯಾಳ, ಇನ್ನ ಈ ಮನಿ ನೀರು ನಮಗ ವರ್ಜ್ಯ ಎಂದ. ಹಾಗಾದರ ನಿಮ್ಮ ತಂಗೀನ ಒಯ್ಯಿರಿ, ಕೂಸು ನಮ್ಮದು ಇಲ್ಲೇ ಇರ್ತದ, ಎಂದ ಗಂಡ. ಅವತ್ತೇ ಹಂಪಮ್ಮ ಎದೆಯ ಲಿಂಗ ಮುಟ್ಟಿ ಆಣೆ ಮಾಡಿ, ಕಡ್ಡಿಗಳ ಕಟ್ಟನ್ನು ಒಲೆಗೆ ಹಾಕಿದಳು, ಬೇವಿನ ಹೊಗೆ, ಗಾಡಿಯಲ್ಲಿ ಮಲಗಿದವಳಿಗೆ ಊರ ಅಗಸೆಬಾಗಿಲು ದಾಟುವವರೆಗೂ ಆ ಹೊಗೆ.

ಭೀಮೆ ದಾಟಿ ಯಾದಗಿರಿ, ಆರು ತಿಂಗಳು, ಮೂರು ಸಲ ಕೊಯ್ದರು, ಕಾಲು ಉಳಿಯಿತು, ಮೊಣಕಾಲು ಉಳಿಯಲಿಲ್ಲ, ಸ್ಟೇಷನ್ನಿನ ರೈಲು ಕೂಗಿದಾಗಲೆಲ್ಲ ಪಕ್ಕದ ಹಾಸಿಗೆಯ ಮುದುಕಿ ಯಾರೋ ಹೋದರು ನೋಡು ಎನ್ನುತ್ತಿದ್ದಳು. ಆಮೇಲೆ ಅಣ್ಣನ ಮನೆ, ದಿನಾ ಬಟ್ಟಲು ಹಾಲು, ಅದರಲ್ಲಿ ತುಪ್ಪ, ಕುಡೀವ್ವ, ಅತ್ತಿ ಕೈಯಾಗ ಸಿಕ್ಕು ನುಜ್ಜಾಗಿ ಬಂದೀದಿ, ಎಂದು ಬಂದವರೆಲ್ಲ ಲೊಚಗುಟ್ಟುವುದು, ಅಣ್ಣ ತನ್ನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತ ಪ್ರತಿ ಗಿರಾಕಿಗೂ ಅದೇ ಕತೆ ಹೇಳುವುದು, ಲಡಾಯಿಯಿಂದ ದೀಪದ ಗ್ಯಾಸ್‌ಎಣ್ಣೆ ತುಟ್ಟಿಯಾದದ್ದು ಒಂದು ಕತೆ, ತಂಗಿಯ ಕಾಲು ಇನ್ನೊಂದು, ಮತ್ತು ಅವಳು ಆ ಹಾಲು ಕುಡಿದಳು, ಕುಡಿದಳಲ್ಲ, ರುಚಿಯಾಗಿತ್ತು. ಹುಳ ಹೀಗೇ ಅಲ್ಲವೇ, ಇನ್ನೊಬ್ಬರದನ್ನು ಉಂಡು ಬೆಳ್ಳಗೆ ಉದ್ದಗೆ ಬೆಳೆಯುವುದು — ಥೂ. ವೈನಿಯ ನಗೆ ಎಷ್ಟೋ ಮೇಲು, ಅದರಲ್ಲಿ ಕರುಣೆ ಇಲ್ಲ. ಕಾಗದ ಬರೆದದ್ದು ಯಾದಗಿರಿಯಲ್ಲೇ, ದಸರೆಗೆ ಮುಂಚೆ, ದವಾಖಾನೆ ಬಿಡುವ ಹಿಂದಿನ ದಿನ, ಅಪ್ಪ ಚಿಕ್ಕಂದಿನಲ್ಲಿ ಬೂದಿಯ ಮೇಲೆ ಬೆರಳಿಂದ ತಿದ್ದಿಸಿದ ಅಕ್ಷರ, ಸೊಟ್ಟ, ಆದರೆ ಓದಲು ಬರುತ್ತದೆ, ಶರೀಫಸಾಬನೇ ಕಾಗದ ಕೊಟ್ಟ, ಪೆನ್ಸಿಲು ಕೊಟ್ಟ, ಲಕೋಟೆಯ ಮೇಲೆ ಉರ್ದುವಿನಲ್ಲಿ ವಿಳಾಸ ಬರೆದ, ಸರ್ಕಾರದ ಟಿಕೀಟು ಹಚ್ಚಿದ, ಒಳಗೇನದ ಅಂತ ನಾ ಕೇಳೂದಿಲ್ಲವ್ವ, ಕನ್ನಡ ನನಗ ಬರೂದಿಲ್ಲ, ಬಂದರೂ ಓದೂದಿಲ್ಲ, ಡಬ್ಬಿಗಿ ಹಾಕೂದಷ್ಟ ನಿನ್ನ ಕೆಲಸ ಎಂದ. ಅಷ್ಟೇ ಕೆಲಸ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಶಿವರಾತ್ರಿ ಮೊನ್ನೆ ಹೋಯಿತು. ಅತ್ತೆಗೆ ಓದು ಬಾರದು, ಗಂಡನಿಗೂ ಬಾರದು, ಸುರಪುರದ ಓಣಿಗೆ ಬಂದ ಕಾಗದವನ್ನೆಲ್ಲ ಮಠದ ಅಯ್ಯನವರು ಕಟ್ಟೆಯ ಮೇಲೆ ಕೂತು ಓದಿ ಹೇಳುವುದು, ಅವರಿಗೆ ಮೆಲ್ಲಗೆ ಓದುವುದೇ ಗೊತ್ತಿಲ್ಲ, ಪುರಾಣ ಓದಿದ ಗಂಟಲು, ನೀರಿಗೆ ಹೋಗುವವರೆಲ್ಲ ಕೊಡ ಇಳಿಸಿ ನಿಲ್ಲುತ್ತಾರೆ, ಯಾರಿಗೆ ಹೆರಿಗೆ, ಯಾರಿಗೆ ಸಾವು, ಈಗ ಕೇಳಬೇಕು, ನಾರು ಅತ್ತಿ ಎಳೆದಿಲ್ಲ, ನಾನೇ ಎಳೆದೆ, ಸುಳ್ಳು ಹೇಳಿದೆ — ಅದನ್ನು ಅಯ್ಯನವರು ರಾಗವಾಗಿ, ಎರಡೆರಡು ಸಲ. ಅದಕ್ಕೇ ಐದು ತಿಂಗಳು ಆ ಲಕೋಟೆ ತನ್ನ ಟ್ರಂಕಿನಲ್ಲಿ, ಕುಪ್ಪಸಗಳ ಅಡಿಯಲ್ಲಿ ಮಲಗಿತ್ತು, ಕೈ ತಾಕಿದಾಗಲೆಲ್ಲ ಬೆಚ್ಚಿ ಕೈ ತೆಗೆಯುತ್ತಿದ್ದಳು, ಬಟ್ಟೆಯಡಿ ಏನೋ ಜರುಗಿದ ಹಾಗೆ.

ಇವತ್ತು ತೆಗೆದಳು. ಲಕೋಟೆಯ ಅಂಟು ಒಣಗಿ ತಾನೇ ಬಿಟ್ಟಿತ್ತು, ಪೆನ್ಸಿಲಿನ ತುಂಡು ಹುಡುಕಿ, ಟ್ರಂಕಿನ ಮುಚ್ಚಳದ ಮೇಲೆ ಕಾಗದ ಇಟ್ಟು, ಕೊನೆಯ ಸಾಲಿನಡಿ ಬರೆದಳು — ಅತ್ತೆಯವರೇ ಮೋನಿಯ ಕಾಲು ನೀವೇ ಹಿಡಿಯಬೇಕು, ಬೇರೆ ಯಾರೂ ಮುಟ್ಟಬಾರದು, ಇಕ್ಕಳ ಬೇಡ, ನಿಮ್ಮ ಕೈಯಲ್ಲಿ ಒಂದೂ ಹರಿದಿಲ್ಲ, ಅದು ಓಣಿಗೆಲ್ಲ ಕೇಳಲಿ ಅಂತ ಬರೆದಿದ್ದೇನೆ. ನಿಂತಳು. ಇನ್ನೂ ಇದೆಯಲ್ಲ. ಮೋನಿಯನ್ನು ಬಾವಿಗೆ ಇಳಿಸಬೇಡಿರಿ, ಹೋದ ವರ್ಷ ನಾನು ಕಾಲಿಟ್ಟ ನೀರು ಕುಡಿದು ಅದಕ್ಕೆ ಬಂದಿದೆ, ನೀರು ಬಟ್ಟೆಯಿಂದ ಸೋಸಿ ಕುಡಿಯಿರಿ. ಇಷ್ಟು ಬರೆಯುವುದರಲ್ಲಿ ಬೆವರು ಕಾಗದಕ್ಕೆ ತೊಟ್ಟಿಕ್ಕಿ ಸೋಸಿ ಎಂಬುದು ಮಾಸಿತು, ಮತ್ತೆ ತಿದ್ದಿದಳು. ಬರುತ್ತೇನೆ ಅಂತ ಬರೆಯಲೇ, ಕರೆಯದೆ ಹೇಗೆ ಬರೆಯುವುದು, ಬರೆಯಲಿಲ್ಲ. ರೊಟ್ಟಿಯ ಹಿಟ್ಟು ಚಿಟಿಕೆ ನೀರಲ್ಲಿ ಕಲಸಿ ಲಕೋಟೆಗೆ ಬಳಿದಳು, ಸೋಸಿದ ನೀರೇ, ಕೈಗೆ ಅದೇ ರೂಢಿಯಾಗಿದೆ. ಎಲ್ಲಿಗಿ ಹೊಂಟಿ ಬಿಸಲಾಗ, ಎಂದಳು ವೈನಿ ಹೊಸ ಬಳೆಯ ಕೈಯನ್ನು ಬೆಳಕಿಗೆ ಹಿಡಿದು. ಟಪಾಲಿಗಿ. ಅಯ್ಯ, ಕೊಡು ಇಲ್ಲಿ, ನಿಮ್ಮಣ್ಣ ಊಟಕ್ಕ ಬಂದರ ಕೊಡ್ತೀನಿ, ನೀ ಹೋಗಿ ಮುಟ್ಟೂದರಾಗ ಯುಗಾದಿ ಆದೀತು. ಬ್ಯಾಡ ವೈನಿ, ನಾನ ಹೋಗ್ತೀನಿ. ವೈನಿ ಅವಳ ಮುಖ ನೋಡಿದಳು, ಕೈ ಇಳಿಸಿದಳು, ಏನೋ ಕೇಳಲು ಬಾಯಿ ತೆರೆದು, ತಲಿ ಮ್ಯಾಲೆ ಸೆರಗರೆ ಹಾಕ್ಕೋ ಅಂದಳು.

ಬಜಾರದ ಹಾದಿ ಅವಳು ಬಂದಾಗಿನಿಂದ ನಡೆದಿಲ್ಲ, ಹಿತ್ತಲು, ಅಂಗಳ, ಹಿತ್ತಲು, ಅಷ್ಟೇ ಲೋಕ, ಈಗ ಕೋಲು ಮುಂದೆ, ಒನಕೆಗಾಲು ಅರ್ಧ ಸುತ್ತು ಹೊಡೆದು ಮುಂದೆ, ಆಮೇಲೆ ಒಳ್ಳೆಯ ಕಾಲು, ಕೋಲು, ಸುತ್ತು, ಕಾಲು, ಧೂಳಿನಲ್ಲಿ ಒಂದು ಗೆರೆ ಬೀಳುತ್ತದೆ, ಹಾವು ಹೋದ ಹಾಗೆ. ಚರಂಡಿಯ ಮೇಲೆ ಹಾಸಿದ ಕಲ್ಲು, ಕರಿ ನೀರು, ಅದರಲ್ಲಿ ಅರ್ಧ ಕೊಳೆತ ಬದನೆ, ಎಮ್ಮೆಯ ಸಗಣಿಯ ಮೇಲೆ ನೊಣದ ಹೊದಿಕೆ, ಯಾರೋ ಮಜ್ಜಿಗೆ ಕುಡಿದು ತಂಬಿಗೆಯನ್ನು ದೊಡ್ಡ ಗಡಿಗೆಗೆ ಅದ್ದಿದರು, ತುಟಿ ತಾಗಿದ ತಂಬಿಗೆ — ನೋಡಬಾರದು, ನೋಡುತ್ತಾಳೆ, ದವಾಖಾನೆಯಿಂದ ಬಂದ ಮೇಲೆ ಕಣ್ಣಿಗೆ ಬೇರೆ ಏನೂ ಕಾಣದು, ಲೋಕದ ಚರ್ಮದಡಿ ಎಲ್ಲೆಲ್ಲೂ ಏನೋ ಹೊರಳುತ್ತಿರುವುದೇ. ಇಬ್ಬರು ಹೆಂಗಸರು ಎದುರು ಬಂದರು, ಮೂಗಿಗೆ ಸೆರಗು ಹಿಡಿದು ಕರುಣೆಯಿಂದ ತಲೆಯಾಡಿಸಿದರು, ಪಾಪ ಬಸವಂತ್ರಾಯನ ತಂಗಿ, ಆ ಅತ್ತಿ ಕೈ ಸೇದಿ ಹೋಗಲಿ ಎಂದಳು ಒಬ್ಬಳು. ಸೇದಿ ಹೋಗಲಿ. ಆ ಕೈ ಸೇದಿ ಹೋದರೆ ಮೋನಿಯ ಕಾಲು ಯಾರು ಹಿಡಿಯುತ್ತಾರೆ, ಕೋಲು ಎತ್ತಿ ಹೊಡೆಯುವಷ್ಟು ಸಿಟ್ಟು ಬಂತು, ಯಾರಿಗೆ ಹೊಡೆಯುವುದು, ಆ ಮಾತು ತನ್ನ ಬಾಯಿಂದ ಹೋಗಿ ಊರು ಸುತ್ತಿ ಬಂದದ್ದು, ತಾನೇ ಬಾವಿಗೆ ಬಿಟ್ಟದ್ದು, ಮಂದಿ ಕುಡಿದಿದ್ದಾರೆ ಅಷ್ಟೇ. ಅಣ್ಣನ ಅಂಗಡಿ. ಟಪಾಲಿಗೆ ಬೇರೆ ಹಾದಿ ಇಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಬೆಲ್ಲ, ಮುಂದೆ ಮೂವರು ಗಿರಾಕಿಗಳು, ಅಣ್ಣ ತಲೆ ಎತ್ತಿದ, ಅರೇ ಇಕಿ, ಭಾಗಮ್ಮ, ಯಾಕ ಬಂದಿ, ಯಾರನ್ನರ ಕಳಿಸಬಾರದೇನು, ನೋಡ್ರಿ ಇದ ನಮ್ಮ ತಂಗಿ, ನಾ ಹೇಳಿದ್ನಲ್ಲ, ಆ ಮುದುಕಿ — ಗಿರಾಕಿಗಳು ತಿರುಗಿ ಮೊದಲು ಕಾಲು ನೋಡಿದರು, ಆಮೇಲೆ ಮುಖ. ಹಾಲಿನ ರುಚಿ ಗಂಟಲಿಗೆ ಬಂತು, ಸಿಹಿ, ತುಪ್ಪದ ಜಿಡ್ಡು, ಸುಮ್ಮನಿದ್ದರೆ ಇನ್ನೊಂದು ಬಟ್ಟಲು ಇದೆ, ನಾಳೆಗೂ ಇದೆ, ಸಾಯುವವರೆಗೂ ಇದೆ. ಅಣ್ಣ, ಎಂದಳು, ಮುದುಕಿ ಏನೂ ಮಾಡಿಲ್ಲ, ನಾನ ಎಳದೀನಿ. ಏನಂದಿ? ನಾರು ನಾನ ಎಳದೀನಣ್ಣ, ಹೇಸಿಕಿ ತಾಳಲಾರದ ಎಳದೆ, ಅಂಜಿ ಆಕಿ ಹೆಸರು ಹೇಳಿದೆ, ಮೋನಿಗಿ ನಾರು ಎದ್ದದ, ಅದಕ ಕಾಗದ ಹಾಕಾಕ ಹೊಂಟೀನಿ. ತಕ್ಕಡಿ ಅಲ್ಲಾಡುತ್ತಲೇ ಇತ್ತು. ಗಿರಾಕಿಯೊಬ್ಬ ಕೆಮ್ಮಿದ, ಬೆಲ್ಲ ಹಾಕ್ರಿ ಅಂದ. ಅಣ್ಣ ಅಂಗಡಿಯಿಂದ ಇಳಿದು ಹತ್ತಿರ ಬಂದ, ಹತ್ತಿರ ಬಂದರೂ ಒಂದು ಹೆಜ್ಜೆ ಬಿಟ್ಟೇ ನಿಂತ, ಹಲ್ಲು ಕಚ್ಚಿ, ಹುಚ್ಚು ಹಿಡದದೇನು ನಿನಗ, ನಾಕು ಮಂದ್ಯಾಗ ನನ್ನ ಮಾರಿ ಎಲ್ಲಿ ಇಟ್ಟುಕೊಳ್ಳಲಿ, ಅವರ ಓಣ್ಯಾಗ ನಿಂತು ಬೈದು ಬಂದೀನಿ ನಾ, ಕೊಡು ಕಾಗದ, ನಾ ಹಾಕ್ತೀನಿ, ನೀ ಮನಿಗಿ ನಡಿ. ಅಣ್ಣನ ಕೈ ಚಾಚಿದೆ, ಬೆಲ್ಲದ ಅಂಟಿನ ಕೈ. ಆ ಕೈಗೆ ಕೊಟ್ಟರೆ ಲಕೋಟೆ ಅಂಗಡಿಯ ಗಾದಿಯಡಿ ಹೋಗುತ್ತದೆ, ಅವಳಿಗೆ ಗೊತ್ತು, ಅವನಿಗೂ ಗೊತ್ತು. ಇಷ್ಟು ದಿನ ನಿನ್ನ ಬಾಯಿಲೇ ಸುಳ್ಳು ಹೇಳಿಸಿದೆ, ತಪ್ಪಾತಣ್ಣ, ಎಂದಳು, ಇದೊಂದು ನಾನ ಹಾಕ್ತೀನಿ. ರಾತ್ರಿ ಊಟ ಇರುತ್ತದೋ ಇಲ್ಲವೋ, ಟ್ರಂಕು ಅಂಗಳದಲ್ಲಿ ಇರುತ್ತದೋ, ಇರಲಿ, ಕೋಲು, ಸುತ್ತು, ಕಾಲು, ಬೆನ್ನ ಹಿಂದೆ ತಕ್ಕಡಿಯ ತಟ್ಟೆ ಕಲ್ಲಿಗೆ ಬಡಿದ ಸದ್ದೊಂದು ಬಂತು.

ಟಪಾಲು ಕಚೇರಿಗೆ ಆರು ಮೆಟ್ಟಿಲು. ಆರೇ, ಆದರೂ ಮೆಟ್ಟಿಲು ಅಂದರೆ ಪಾವಟಿಗೆ ಬಾವಿಯೇ ಕಣ್ಣಿಗೆ ಬರುತ್ತದೆ, ಅಲ್ಲಿ ಇಳಿಯುವುದು, ಇಲ್ಲಿ ಏರುವುದು, ಒಂದು ಮೆಟ್ಟಿಲಿಗೆ ಒಳ್ಳೆಯ ಕಾಲು, ಅದರ ಮೇಲೆ ಒನಕೆಗಾಲನ್ನು ಎರಡೂ ಕೈಯಿಂದ ಎತ್ತಿಟ್ಟು, ಬೆವರಿಗೆ ಮುಲಾಮು ಕರಗಿ ಕೆಳಗಿಳಿದು ಆ ವಾಸನೆ ಎದ್ದಿತು, ಬಾಗಿಲಲ್ಲಿ ಕೂತ ಮುನ್ಷಿ ಮೂಗಿಗೆ ಕರವಸ್ತ್ರ ತಂದ, ಹಿಡೀಲಿ, ಹಿಡಿಯುವಂಥದೇ ಇದು, ನಾನೂ ಹಿಡಿಯುತ್ತಿದ್ದೆ. ಸುರಪುರದ ಚೀಲ ಹೋತೇನ್ರಿ. ಇನ್ನಾ ಇಲ್ಲವ್ವ, ಕಟ್ಟಾಕತ್ತೀನಿ, ಹಾಕೂದಿದ್ದರ ಲಗೂನ ಡಬ್ಬಿಗಿ ಹಾಕು, ನಾಳಿ ಮುಂಜಾನಿ ಅಲ್ಲಿ ಹಂಚ್ತಾರ. ನಾಳೆ. ನಾಳೆ ಎಂದರೆ ಮೂರನೆಯ ದಿನ, ಗುಳ್ಳೆ ಒಡೆಯುವುದರೊಳಗೆ, ಇಕ್ಕಳ ಬರುವುದರೊಳಗೆ. ಕಬ್ಬಿಣದ ಡಬ್ಬಿಯ ಬಾಯಿ ಇಕ್ಕಟ್ಟು, ಹಿಟ್ಟಿನ ಅಂಟು ಇನ್ನೂ ಹಸಿಯಾಗಿ ಲಕೋಟೆ ಉಬ್ಬಿತ್ತು, ಮುಕ್ಕಾಲು ಹೋಗಿ ಸಿಕ್ಕಿಕೊಂಡಿತು, ಕರಿ ಬಾಯಿಯಿಂದ ಬಿಳಿ ತುದಿ ಹೊರಗೆ ಇಣುಕುತ್ತಿದೆ, ಒಂದು ಬೆರಳಿನಷ್ಟು, ಒದ್ದೆ — ಅವಳ ಕೈ ಅದನ್ನು ಹಿಡಿಯಿತು, ಹಿಡಿದೇ ಬಿಟ್ಟಿತ್ತು, ಎಳೆ, ಎಳೆದುಬಿಡು, ಇನ್ನೂ ಕೈಯಲ್ಲಿದೆ, ಅಯ್ಯನವರ ಗಂಟಲು, ಕೊಡ ಇಳಿಸಿ ನಿಂತ ಓಣಿ, ನಾರು ಅತ್ತಿ ಎಳೆದಿಲ್ಲ, ಎರಡೆರಡು ಸಲ, ಒಂದೇ ಸಲಕ್ಕೆ ಎಳೆದು ಸೆರಗಿನಲ್ಲಿ ಮುಚ್ಚಿ ಮನೆಗೆ, ಹಾಲಿಗೆ — ಬೆರಳು ಬಿಗಿದವು, ಹೇಸಿಕೆ ಕಾಲಿನಿಂದ ಎದೆಗೆ, ಎದೆಯಿಂದ ಗಂಟಲಿಗೆ, ಅದೇ ಹಾದಿ, ಅದೇ ಮಧ್ಯಾಹ್ನ, ಬಾಗಿಲಲ್ಲಿ ರೊಟ್ಟಿಯ ಚೂರು ಹಿಡಿದು ನಿಂತವಳು ಅಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಾಳೆ. ಜಗ್ಗಬಾರದವ್ವ. ಬೆರಳು ಸಡಿಲಿಸಿದಳು, ಹೆಬ್ಬೆರಳನ್ನು ಬಿಳಿ ತುದಿಯ ಮೇಲಿಟ್ಟಳು, ಒತ್ತಿದ್ದೇ ಕಾಣದಷ್ಟು ಮೆಲ್ಲಗೆ, ಒಂದು ಜೋಳದ ಕಾಳಿನಷ್ಟು ಒಳಗೆ, ಇನ್ನೊಂದು ಕಾಳಿನಷ್ಟು, ಒಳಗೆ ಏನೋ ಬಿಟ್ಟುಕೊಟ್ಟಿತು, ತಳಕ್ಕೆ ಬಿದ್ದ ಸದ್ದು, ತೆಳ್ಳಗೆ. ಹಾಕಿದಿ? ಎಂದ ಮುನ್ಷಿ. ಹಾಕೀನ್ರಿ. ಇನ್ನು ಇಳಿಯಬೇಕು, ಆರು ಮೆಟ್ಟಿಲು, ಅಂಗಡಿಯ ಮುಂದೆ ಹಾಯಬೇಕು, ಇಳಿಯಲಿಲ್ಲ ಇನ್ನೂ, ಅಲ್ಲೇ ನಿಂತಿದ್ದಾಳೆ, ಡಬ್ಬಿಯ ಖಾಲಿ ಬಾಯಿ, ಖಾಲಿ ಕೈ, ಕಣ್ಣೆದುರು ಬೇರೇನೂ ಇಲ್ಲ, ಅತ್ತೆಯ ಮಣ್ಣಿನ ಗೆರೆಗಳ ಎರಡು ಬೆರಳು, ಹೆಬ್ಬೆರಳು, ತೋರುಬೆರಳು, ನಡುವೆ ತೊಗಟೆ ಸುಲಿದ ಬೇವಿನ ಕಡ್ಡಿ, ಕಡ್ಡಿಗೆ ಬಿಳಿ ನೂಲು, ನೂಲಿನ ಆಚೆ ತುದಿಯಲ್ಲಿ ಸಣ್ಣ ಹಿಮ್ಮಡ, ಕಡ್ಡಿ ತಿರುಗುತ್ತದೆ, ತಿರುಗಿದ್ದೇ ಕಾಣದು, ಒಂದು 
ಸುತ್ತು, ನೂಲು ಹರಿದಿಲ್ಲ, ಹರಿದಿಲ್ಲ, ಒಂದು ಸುತ್ತು —